ಇಲ್ಲದ ಗಾಡಿ ತಳ್ಳುತ್ತಿದ್ದ ಕಾಕಾ

ಮೊನ್ನೆ ಏಪ್ರನ್ ಒಗೆಯಲು ಹಾಕುವಾಗ ಜೇಬಿನಿಂದ ಪಾನಾ ಬಿತ್ತು. ನೆಟ್ಟಗೆ ನನ್ನ ಕಾಲಿನ ಹೆಬ್ಬೆರಳ ಮೇಲೇ ಬಿತ್ತು. ಆಕ್ಸಿಜನ್ ಸಿಲಿಂಡರಿನ ಬಾಯಿ ತಿರುಗಿಸುವ, ಗೇಣುದ್ದವೂ ಇಲ್ಲದ ಕಬ್ಬಿಣದ ಪಾನಾ ಅದು. ಹೆಬ್ಬೆರಳು ಹಿಡಿದುಕೊಂಡು ಕುಂತವನು ಅದನ್ನೆತ್ತಿ ಸುಮ್ಮನೆ ಮೂಗಿಗೆ ಹಿಡಿದೆ. ಕಬ್ಬಿಣದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ, ಅವುಗಳ ಅಡಿಯಲ್ಲಿ ಎಲ್ಲೋ ಒಂದಿಷ್ಟು ತಂಬಾಕು, ಸುಣ್ಣ… ಇಷ್ಟು ವರ್ಷ ನನ್ನ ಜೇಬಿನಲ್ಲೇ ಇದ್ದರೂ ಅದು ನನ್ನ ವಾಸನೆ ಹಿಡಿದಿಲ್ಲ.

"ಪಾನಾ ಮೂಸ್ಲಾಕತ್ತಿಯಲ್ಲೋ, ತಲಿ ಬರೋಬ್ಬರಿ ಅದ ಇಲ್ಲೋ?" ಅಂದಳು ನಮ್ಮವ್ವ.

ಬರೋಬ್ಬರಿ ಇಲ್ಲ. ಅದಕ್ಕೇ ಬರೆಯಲು ಕುಂತಿದ್ದೇನೆ.

ಆ ಪಾನಾ ಸ್ಟ್ರೆಚರ್ ಗಾಡಿ ತಳ್ಳುತ್ತಿದ್ದ ಕಾಕಾರದು. ನರ್ಸಿಂಗ್ ಮುಗಿಸಿ, ಶಹಾಪುರದಿಂದ ಯಾದಗಿರಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತ ನಾನು ಮೊದಲ ನೌಕರಿ ಮಾಡಿದ್ದು ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ. ಅದು ಈಗಿಲ್ಲ, ಆ ಕಟ್ಟಡದಲ್ಲಿ ಟೈಲ್ಸ್ ಅಂಗಡಿಯಾಗಿದೆ, ಹೆಸರು ಬಿಡಿ. ಅಲ್ಲಿ ಐಸಿಯು ಮೇಲಿನ ಅಂತಸ್ತಿನಲ್ಲಿ, ಸ್ಕ್ಯಾನಿಂಗ್ ಕೋಣೆ ಹಿಂದಿನ ಕಟ್ಟಡದಲ್ಲಿ. ನಡುವೆ ಒಂದು ಉದ್ದ ಪಡಸಾಲೆ, ಆಮೇಲೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಕಬ್ಬಿಣದ ಜಾಳಿಗೆ ಗೇಟು, ಅದರಾಚೆ ನಾಲ್ಕು ಹೆಜ್ಜೆ ಅಂಗಳ. ಕೈಬೀಸಿಕೊಂಡು ನಡೆಯುವವನಿಗೆ ಎರಡು ನಿಮಿಷದ ದಾರಿ. ಆದರೆ ಗಂಟಲಲ್ಲಿ ನಳಿಗೆ ಹಾಕಿಸಿಕೊಂಡು ಯಂತ್ರದ ಉಸಿರಿನ ಮೇಲೆ ಮಲಗಿದವರಿಗೆ ಅದು ಪರದೇಶದ ಪ್ರಯಾಣ. ಗೋಡೆಯ ಆಕ್ಸಿಜನ್ ಬಿಡಿಸಿ ಸಿಲಿಂಡರಿಗೆ ಹಚ್ಚಬೇಕು, ಯಂತ್ರ ಬಿಡಿಸಿ ಕೈಯಿಂದ ಒತ್ತುವ ಆಂಬು ಚೀಲ ಹಚ್ಚಬೇಕು, ಒತ್ತುತ್ತ ಒತ್ತುತ್ತ ಗಾಡಿಯ ಜೊತೆ ನಡೆಯಬೇಕು. ಹಾದಿಯಲ್ಲಿ ಒಂದು ಬಾಗಿಲು ತೆರೆಯದಿದ್ದರೆ ಮುಗಿಯಿತು.

ಇದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಕಾಕಾಗೆ ಕಾಲಲ್ಲಿ ಗೊತ್ತಿತ್ತು.

ಸುರಪುರದ ಕಡೆಯವರು. ಕುಳ್ಳಗೆ, ಮೊಣಕಾಲು ಸ್ವಲ್ಪ ಹೊರಗೆ ಬಾಗಿದ ನಡಿಗೆ, ಕೊರಳಲ್ಲಿ ನೂಲಿನ ದಾರಕ್ಕೆ ಕಟ್ಟಿದ ಈ ಪಾನಾ. ಗಾಡಿಯ ಗಾಲಿಗೆ ತಮ್ಮ ಮನೆಯ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು, ಮಿಕ್ಕಿದ್ದನ್ನು ತಲೆಗೆ ಒರೆಸಿಕೊಳ್ಳುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಯಾವುದೇ ಪೇಷಂಟ್ ಹೊರಡುವ ಮುಂಚೆ, ಪೇಷಂಟನ್ನು ಗಾಡಿಯ ಮೇಲೆ ಮಲಗಿಸಿ, ಗೋಡೆಯ ಆಕ್ಸಿಜನ್ ಇನ್ನೂ ಹಚ್ಚಿರುವಾಗಲೇ, ಕಾಕಾ ಒಬ್ಬರೇ ಇಡೀ ಹಾದಿ ನಡೆದು ಬರುತ್ತಿದ್ದರು. ಹೆಂಗೆ? ಎರಡೂ ಕೈ ಮುಂದೆ ಚಾಚಿ, ಗಾಡಿಯ ಅಗಲಕ್ಕೆ ಹಿಡಿದು, ಇಲ್ಲದ ಗಾಡಿಯನ್ನು ತಳ್ಳುತ್ತ! ತಿರುವಿನಲ್ಲಿ ಇಲ್ಲದ ಗಾಡಿಯನ್ನು ತಿರುಗಿಸುವುದು, ಇಳಿಜಾರಿನಲ್ಲಿ ಇಲ್ಲದ ಭಾರಕ್ಕೆ ಹಿಂದಕ್ಕೆ ಜಗ್ಗುವುದು, ಎದುರಿಗೆ ಬಂದವರಿಗೆ "ಸರಕೋರಿ, ಪೇಷಂಟ್ ಅದ" ಅನ್ನುವುದು. ಹೊಸಬರು ಹೌಹಾರಿ ಆ ಖಾಲಿ ಜಾಗಕ್ಕೆ ಹಾದಿ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಿದ್ದರು.

ತಿರುಗಿ ಬಂದು ಐಸಿಯು ಪರದೆಯ ಆಚೆಯಿಂದಲೇ ಹಾಜರಿ ತೆಗೆಯುತ್ತಿದ್ದರು.

"ಹವಾ?"

ಸಿಸ್ಟರ್ ಸಿಲಿಂಡರಿನ ಮುಳ್ಳು ನೋಡಿ, "ಅದರಿ."

"ಚೀಲ?"

ಚೀಲ ಒತ್ತುವವನು ನಾನು. "ಅದರಿ ಕಾಕಾ."

"ನಳಗಿ?"

ನಳಿಗೆ ಹಿಡಿದ ಡಾಕ್ಟರ್ ಮೇಡಂ, "ಅದ."

"ಹಾದಿ?" ಇದನ್ನು ತಾವೇ ಕೇಳಿ ತಾವೇ ಉತ್ತರ ಕೊಡುತ್ತಿದ್ದರು. "ಅದ!"

ಒಮ್ಮೆ ನಾನು ಉತ್ತರದ ಬದಲು ತಲೆಯಾಡಿಸಿದೆ. ಗಾಡಿ ಅಲ್ಲೇ ನಿಂತಿತು. "ಏ ರೇಡಿಯೋ, ಬಾಯ್ಲೆ ಹೇಳು. ತಲಿ ಎಮ್ಮಿನೂ ಅಳ್ಳಾಡಸ್ತದ."

ರೇಡಿಯೋ ನಾನು. ಯಾಕೆಂದರೆ ನನ್ನ ಗಂಟಲಲ್ಲಿ ಎಲ್ಲ ಸ್ಟೇಷನ್‌ಗಳೂ ಇದ್ದವು. ಮೇಡಂ ಫೋನಿನಲ್ಲಿ "ಹಲೋ" ಅನ್ನುವಾಗ ಮೂಗು ಮುಚ್ಚಿಕೊಂಡಂತಾಗುವುದು, ಸಿಸ್ಟರ್ ಸಿಟ್ಟು ಬಂದಾಗ ನನ್ನ ಹೆಸರನ್ನು ನಾಲ್ಕು ತುಂಡು ಮಾಡಿ ಕರೆಯುವುದು, ಲ್ಯಾಬಿನವನ ಸೀನು. ನನ್ನನ್ನೂ ಬಿಡುತ್ತಿರಲಿಲ್ಲ: ಬಸ್ಸಿನಲ್ಲಿ ಜೊಲ್ಲು ಸುರಿಸಿ ಮಲಗಿ, ಶಹಾಪುರ ದಾಟಿ ಹತ್ತಿಗೂಡೂರಿನಲ್ಲಿ ಎಚ್ಚರಾದ ನನ್ನದೇ ಮುಖದ ನಕಲು ಮಾಡಿದರೆ ಚಹಾದಂಗಡಿಯೇ ಬಿದ್ದು ನಗುತ್ತಿತ್ತು. ಆದರೆ ಎಲ್ಲದಕ್ಕಿಂತ ಚಪ್ಪಾಳೆ ಬೀಳುತ್ತಿದ್ದದ್ದು ಕಾಕಾರ ನಕಲಿಗೆ. ಮೊಣಕಾಲು ಬಾಗಿಸಿ, ಕೈ ಚಾಚಿ, ಅವರ ಒಡಕು ಗಂಟಲಿನಲ್ಲಿ "ಹವಾ?" ಅಂದರೆ ಕಾಕಾ ಸ್ವತಃ ತಂಬಾಕು ಉಗುಳಿ ನಗುತ್ತಿದ್ದರು. "ಹುಚ್ಚಪ್ಯಾಲಿ, ನನ್ನ ಹೆಣ್ತಿಗಿ ಫೋನ್ ಹಚ್ಚಬ್ಯಾಡ ಮತ್ತ. ಗೊತ್ತಾಗಂಗಿಲ್ಲ ಆಕಿಗಿ" ಅನ್ನುತ್ತಿದ್ದರು.

ಆ ದಿನ ಮಧ್ಯಾಹ್ನ ಊಟದ ಹೊತ್ತು.

ಗೋಗಿಯ ಕಡೆಯ ಒಬ್ಬಾಕೆ. ಶಾಲೆಯಲ್ಲಿ ಬಿಸಿಯೂಟ ಮಾಡುವಾಕೆ, ನನ್ನ ಅಕ್ಕನ ವಯಸ್ಸಿನವಳು. ಶೇರ್ ಆಟೋದ ಅಂಚಿನಲ್ಲಿ ಕುಂತು ಬರುವಾಗ ಬಿದ್ದು ತಲೆಗೆ ಪೆಟ್ಟಾಗಿತ್ತು. ಉಸಿರು ತಾನಾಗಿ ಬರುತ್ತಿರಲಿಲ್ಲ. ತಲೆಯ ಸ್ಕ್ಯಾನ್ ಆಗಲೇಬೇಕಿತ್ತು. ಆಕೆಯ ಅತ್ತೆ ಪಡಸಾಲೆಯಲ್ಲಿ ಸೊಸೆಯ ಒಂದೇ ಒಂದು ಚಪ್ಪಲಿಯನ್ನು ಎದೆಗೆ ಹಿಡಿದು ನಿಂತಿದ್ದಳು. ಇನ್ನೊಂದು ರಸ್ತೆಯಲ್ಲೇ ಉಳಿದಿತ್ತಂತೆ.

ಪೇಷಂಟನ್ನು ಗಾಡಿಯ ಮೇಲೆ ಮಲಗಿಸಿದೆವು. ಕಾಕಾ ಎಂದಿನಂತೆ ಇಲ್ಲದ ಗಾಡಿ ತಳ್ಳುತ್ತ ಹೋದರು. ಎರಡು ನಿಮಿಷ, ಮೂರು, ಐದು… ಬರಲೇ ಇಲ್ಲ. ಸ್ಕ್ಯಾನಿಂಗ್ ಕೋಣೆಯಿಂದ ಫೋನು ಬಂತು: ಮಶೀನ್ ತಯಾರಿದೆ, ಎಲ್ಲಿದ್ದೀರಿ? ಮೇಡಂ ಗಡಿಯಾರ ನೋಡಿದರು. ಸಿಸ್ಟರ್ ಚೀಲ ಹಿಡಿದು ನಿಂತಿದ್ದರು. ನಾನು ಆಕೆಯ ಫೈಲು ತರಲು ಪರದೆಯ ಆಚೆ ಹೋಗಿದ್ದೆ.

ಫೈಲು ಸಿಕ್ಕಿತು. ತಿರುಗಿ ಬರುವಾಗ ಪರದೆಯ ಮುಂದೆ ನಿಂತೆ. ಒಳಗೆ ಎಲ್ಲರೂ ಬಿಗಿಯಾಗಿದ್ದರು. ಒಂದು ನಗು ಬೇಕಿತ್ತು ಅವರಿಗೆ, ಅಥವಾ ನನಗೆ. ಬಿಗಿಯಾದ ಜಾಗದಲ್ಲಿ ನನ್ನ ಗಂಟಲು ಕೆರೆಯುತ್ತದೆ, ಇದೊಂದು ರೋಗ. ಮೊಣಕಾಲು ಬಾಗಿಸಿದೆ. ಕಾಕಾರ ದನಿ ತೆಗೆದೆ.

"ಹವಾ ಅದ, ಚೀಲ ಅದ, ನಳಗಿ ಅದ, ಹಾದೀನೂ ಅದ! ನಡ್ರಿ ಇನ್ನ, ಏನ್ ನೋಡ್ತೀರಿ!"

ನಗು ಬರಲಿಲ್ಲ. ಒಳಗಿಂದ ಟಕ್ ಎಂದು ಗೋಡೆಯ ಪೈಪು ಬಿಡಿಸಿದ ಸದ್ದು ಬಂತು.

ಪರದೆ ಸರಿಸಿದಾಗ ಗಾಡಿ ಆಗಲೇ ನನ್ನ ಕಡೆ ಹೊರಳಿತ್ತು. "ಹಿಡಿ, ಹಿಡಿ" ಎಂದು ಸಿಸ್ಟರ್ ಚೀಲ ನನ್ನ ಕೈಗೆ ಕೊಟ್ಟರು. "ಅದು ನಾನ್ರೀ" ಅನ್ನಲು ಎಷ್ಟು ಹೊತ್ತು ಬೇಕು? ಬಾಯಿ ತೆರೆದೆ. ಇರಲಿ, ಹಾದಿ ದಿನಾ ಇರುವ ಹಾದಿಯೇ, ಕಾಕಾ ನಡುವೆ ಸಿಗುತ್ತಾರೆ, ಈಗ ಹೇಳಿದರೆ ಮೇಡಂ ಬಯ್ಯುತ್ತಾರೆ… ಬಾಯಿ ಮುಚ್ಚಿದೆ. ಚೀಲ ಒತ್ತಿದೆ. ಕಾಕಾ ಬಾಗಿಲು ಹಿಡಿಯಲು ಮುಂದಾಗಿ ಹೋಗಿದ್ದಾರೆಂದು ತಿಳಿದು ಸಿಸ್ಟರ್ ತಾವೇ ಗಾಡಿ ತಳ್ಳಿದರು. ಹೊರಟೆವು.

ಪಡಸಾಲೆಯಲ್ಲಿ ಕಾಕಾ ಇಲ್ಲ. ಇಳಿಜಾರಿನ ತಲೆಯಲ್ಲೂ ಇಲ್ಲ. ಗಾಡಿ ಇಳಿಯತೊಡಗಿತು. ಬುಡಕ್ಕೆ ಬಂದಾಗ ಕಂಡದ್ದು ಗೇಟು, ಗೇಟಿಗೆ ಬೀಗ.

ಊಟದ ಹೊತ್ತಿನಲ್ಲಿ ನಾಯಿಗಳು ಒಳಗೆ ಬರುತ್ತವೆಂದು ವಾಚ್‌ಮನ್ ಅವತ್ತು ಬೀಗ ಹಾಕಿ ರೊಟ್ಟಿ ತಿನ್ನಲು ಹೋಗಿದ್ದ. ಕಾಕಾಗೆ ಅದು ಮೊದಲೇ ಕಂಡಿತ್ತು. ಪಕ್ಕದ ಮೆಟ್ಟಿಲಿನಿಂದ ಇಳಿದು ಅವನನ್ನು ಹುಡುಕುತ್ತ ಹೋಗಿದ್ದರು. ಇಲ್ಲದ ಗಾಡಿ ಗೇಟಿಗೆ ಬಡಿದರೆ ಯಾರೂ ಸಾಯುವುದಿಲ್ಲ. ಅವರು ಮುಂದಾಗಿ ಹೋಗುತ್ತಿದ್ದದ್ದೇ ಅದಕ್ಕೆ. ನಾವು ಪೇಷಂಟ್ ಇದ್ದ ಗಾಡಿ ತಂದು ನಿಲ್ಲಿಸಿದ್ದೆವು.

ಇಳಿಜಾರಿನಲ್ಲಿ ಹಿಂದಕ್ಕೆ ಎಳೆಯಲು ಮೂವರಿಂದ ಆಗಲಿಲ್ಲ, ಅದರಲ್ಲೂ ನನ್ನ ಎರಡೂ ಕೈ ಚೀಲದ ಮೇಲೆ. ಮೇಡಂ ಬೆನ್ನು ಕೊಟ್ಟು ಗಾಡಿ ತಡೆದು ನಿಂತರು. ಆಗ ಸಿಸ್ಟರ್ ಸಿಲಿಂಡರಿನ ಕಡೆ ನೋಡಿದರು. ಮುಳ್ಳು ಕೆಂಪಿನಲ್ಲಿ ಬಿದ್ದಿತ್ತು. ಹಾಜರಿಯಲ್ಲಿ "ಹವಾ?" ಎಂದು ಯಾರೂ ಕೇಳಿರಲಿಲ್ಲ, ನಾನೇ "ಅದ" ಅಂದುಬಿಟ್ಟಿದ್ದೆ. ಬೆರಳಿಗೆ ಹಾಕಿದ ಆಕ್ಸಿಜನ್ ಕ್ಲಿಪ್ಪಿನ ಅಂಕಿ ತೊಂಬತ್ತೆರಡು ಇದ್ದದ್ದು ಎಂಬತ್ತೆಂಟಾಯಿತು. ಎಂಬತ್ತೆರಡು. ಎಪ್ಪತ್ತೊಂಬತ್ತು…

"ಯಾಕ್ ನಿಂತೀರಿ?" ಹಿಂದೆ ಬಂದಿದ್ದ ಅತ್ತೆ ಕೇಳಿದಳು. "ಯಾಕ್ ನಿಂತೀರಿ ಯಪ್ಪಾ, ಹೋಗ್ರೆಲ್ಲ!"

ನನ್ನ ಗಂಟಲಲ್ಲಿ ಒಂದೇ ಒಂದು ಸ್ಟೇಷನ್ನೂ ಹತ್ತಲಿಲ್ಲ.

ಗೇಟಿನ ಆಚೆ ಕಾಕಾ ಕಂಡರು. ಕೈಯಲ್ಲಿ ಬೀಗದ ಕೈ. ನಮ್ಮನ್ನು ನೋಡಿ ಒಂದು ಗಳಿಗೆ ಅವರ ಮುಖ… ಅದನ್ನು ನಾನು ಇಂದಿನವರೆಗೂ ನಕಲು ಮಾಡಿಲ್ಲ. ಬೀಗ ತೆರೆದರು. ಸಿಸ್ಟರ್ "ಮ್ಯಾಲಿಂದ ಸಿಲಿಂಡರ್ ತರ್ರಿ" ಎಂದು ಕೂಗಿದರೆ, "ಮ್ಯಾಲ ಬ್ಯಾಡ್ರಿ, ದೂರ ಆತು. ಸ್ಕ್ಯಾನ್ ಕೋಣ್ಯಾಗ ಗ್ವಾಡಿ ಹವಾ ಅದ, ಅಲ್ಲಿಗಿ ನಡ್ರಿ" ಎಂದು ಗಾಡಿಗೆ ಎದೆ ಕೊಟ್ಟರು. "ತಮ್ಮಾ, ಚೀಲ ಬಿಡಬ್ಯಾಡ. ಎಣಿಸಿಗೋತ ಒತ್ತು. ದೊಡ್ಡದಾಗಿ ಎಣಸು, ನನಗ ಕೇಳಬೇಕು."

ಎಣಿಸಿದೆ. ಅಂಗಳ ದಾಟಿದೆವು. ಗೋಡೆಗೆ ಪೈಪು ಹಚ್ಚಿದರು. ಅಂಕಿ ಏರತೊಡಗಿದರೂ ನಾನು ಎಣಿಸುತ್ತಲೇ ಇದ್ದೆ. ಸಾಕು ಎಂದು ಕಾಕಾ ಭುಜ ಮುಟ್ಟಬೇಕಾಯಿತು.

ಆಕೆ ಬದುಕಿದಳು. ತಿಂಗಳಾದ ಮೇಲೆ ಅತ್ತೆಯ ಕೈ ಹಿಡಿದು ನಡೆದು ಬಂದಳು, ಹೊಸ ಚಪ್ಪಲಿ ಹಾಕಿದ್ದಳು. ಬಲಗೈಯ ಬೆರಳುಗಳು ಸ್ವಲ್ಪ ತಡವರಿಸುತ್ತಿದ್ದವು. ಅದು ಆಟೋದಿಂದ ಬಿದ್ದ ಪೆಟ್ಟಿನದೋ, ಆ ಗೇಟಿನ ಮುಂದಿನ ನಿಮಿಷಗಳದೋ… ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ಅವತ್ತು ಸಂಜೆ ಮೇಡಂ ಎಲ್ಲರನ್ನೂ ಕರೆದರು.

"ಗೇಟಿಗಿ ಬೀಗ ಅದ ಅಂತ ಗೊತ್ತಿದ್ದೂ ಹಾದಿ ಅದ ಅಂತ ಯಾಕ್ ಒದರಿದ್ರಿ?"

"ನಾ ಒದರಿಲ್ರಿ ಮೇಡಂ. ನಾ ಕೆಳಗಿದ್ದೆ."

"ನಾ ಕೇಳೀನಿ. ಸಿಸ್ಟರ್ ಕೇಳ್ಯಾರ. ನಿಮ್ಮದೇ ದನಿ."

ಕಾಕಾ ನನ್ನ ಕಡೆ ನೋಡಿದರು. ಬಹಳ ಹೊತ್ತಲ್ಲ. ನಾನು ನೆಲದ ಟೈಲ್ಸ್ ಎಣಿಸುತ್ತಿದ್ದೆ. "ನಾ ಒದರಿಲ್ರಿ" ಎಂದು ಇನ್ನೊಮ್ಮೆ, ಸಣ್ಣಗೆ ಹೇಳಿದರು. ಮಾರನೆಯ ದಿನದಿಂದ ಅವರನ್ನು ಗಾಡಿಯಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದರು. ಗಾಡಿಗೆ ಹೊಸಬನೊಬ್ಬ ಬಂದ. ಗಟ್ಟಿ ಆಳು, ಜೋರಾಗಿ ತಳ್ಳುತ್ತಿದ್ದ. ಮುಂದಾಗಿ ಹಾದಿ ನೋಡುವುದಿಲ್ಲ, ಹಾಜರಿ ಇಲ್ಲ, ಏನಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ಕುಂತಲ್ಲಿ ಕೂರಲಾಗಲಿಲ್ಲ. ಪ್ರತಿ ಪೇಷಂಟ್ ಹೊರಟಾಗಲೂ ನಾನೇ ಓಡಿ ಹೋಗಿ ಗೇಟು ನೋಡಿ ಬರುತ್ತಿದ್ದೆ. ಸಿಲಿಂಡರಿನ ಮುಳ್ಳನ್ನು ಮೂರು ಸಲ ನೋಡುತ್ತಿದ್ದೆ, ನಾಲ್ಕನೆಯ ಸಲಕ್ಕೆ ತಿರುಗಿ ಬರುತ್ತಿದ್ದೆ. ಬಸ್ಸಿನಲ್ಲಿ ನಿದ್ದೆ ಹತ್ತುತ್ತಿರಲಿಲ್ಲ, ಹತ್ತಿಗೂಡೂರು ತಪ್ಪಿತು, ಅದೊಂದೇ ಲಾಭ. ಚಹಾದಂಗಡಿಯಲ್ಲಿ "ಏ, ಕಾಕಾಂದು ತೆಗಿಯೋ" ಅಂದರೆ ಗಂಟಲು ನೋವು ಅನ್ನುತ್ತಿದ್ದೆ. ಹೊಸಬನ ಕೈಯಲ್ಲಿ ಯಾರಾದರೂ ಸತ್ತರೆ ಅದೂ ನನ್ನ ಲೆಕ್ಕಕ್ಕೇ ಎಂಬುದು ತಲೆಯಲ್ಲಿ ತಿರುಗುತ್ತಲೇ ಇತ್ತು.

ಎರಡನೆಯ ವಾರ ಬಟ್ಟೆ ಕೋಣೆಗೆ ಹೋದೆ. ಕಾಕಾ ಹಸಿರು ಚಾದರ ಮಡಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತು ಎಲ್ಲ ಒದರಿಬಿಟ್ಟೆ.

ಅವರು ಚಾದರದ ಅಂಚಿಗೆ ಅಂಚು ಕೂಡಿಸಿದರು. "ಇದನ್ನ ನನಗ ಯಾಕ ಹೇಳ್ತಿ? ನನಗ ಗೊತ್ತೇ ಅದಲ್ಲ."

"ಗೊತ್ತಿತ್ತೇನ್ರಿ?"

"ಈ ದವಾಖಾನ್ಯಾಗ ನನ್ನ ದನಿ ನನ್ನ ಬಿಟ್ರ ಮತ್ತ ಯಾರ ಗಂಟಲ್ದಾಗ ಅದ ತಮ್ಮಾ?"

"ಮತ್ತ ಯಾಕ್ ಹೇಳಲಿಲ್ರಿ ಕಾಕಾ?"

"ನಾ ಹೇಳಿದ್ರ, ಮುದುಕ ತನ್ನ ತಪ್ಪು ಹುಡುಗನ ಮ್ಯಾಲ ಹಾಕ್ಲಾಕತ್ಯಾನ ಅಂತಾರ. ನೀ ಹೇಳಿದ್ರ ಖರೇ ಆಗ್ತದ." ಚಾದರದ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡಿ. ಇದನ್ನ ಮಡಚಿ ಮೇಡಂ ಹತ್ರ ನಡಿ."

ಹೋದೆ. ಮೇಡಂ ಮೊದಲು ನಂಬಲಿಲ್ಲ. ಮುದುಕನನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀಯ ಅಂದರು. ತೋರಿಸಿಯೇ ಬಿಡಬೇಕಾಯಿತು. ಅವರು ಗೋಡೆಯ ಕಡೆ ಮುಖ ಮಾಡಿ ಕುಂತರು, ನಾನು ಬಾಗಿಲ ಹೊರಗೆ ನಿಂತು ಅದೇ ಮಾತು ಅದೇ ದನಿಯಲ್ಲಿ ಅಂದೆ. ಒಳಗೆ ಬಂದಾಗ ಮೇಡಂ ತಿರುಗಿರಲಿಲ್ಲ.

"ನನಗೂ ಮುಳ್ಳು ನೋಡಬೇಕು ಅನಸಲಿಲ್ಲ" ಅಂದರು ಗೋಡೆಗೇ. ಆಮೇಲೆ ನನ್ನ ಕಡೆ ತಿರುಗಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಕಾಕಾರನ್ನು ಕರೆಸಿ, ಎಲ್ಲರ ಮುಂದೆ ತಪ್ಪಾಯಿತೆಂದು ಹೇಳಿ, ಗಾಡಿಗೆ ತಿರುಗಿ ಬರಲು ಕೇಳಿದರು. ಕಾಕಾ ಬಂದರು. ಆದರೆ ಪರದೆಯ ಆಚೆಯಿಂದ ಹಾಜರಿ ತೆಗೆಯಲಿಲ್ಲ.

"ಇಷ್ಟ ದಿನಾ ನನ್ನ ದನಿ ಕೇಳಿ ನೀವು ಹೊರಡ್ತಿದ್ರಿ" ಅಂದರು. "ಇನ್ನ ಅದು ನಡೆಯಂಗಿಲ್ರಿ. ಪ್ರತಿ ಸಲ ನಿಮಗ ಅನುಮಾನ ಬರ್ತದ, ಇದು ಮುದುಕನೋ ರೇಡಿಯೋನೋ ಅಂತ. ಅನುಮಾನದ ದನಿ ಇಟಗೊಂಡು ನಾ ಪೇಷಂಟ್ ಒಯ್ಯಂಗಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಗಾಲಿಗೆ ಎಣ್ಣೆ ಮುಗಿದಿದೆ ಅನ್ನುವಷ್ಟು ಸಾದಾ ಹೇಳಿದರು. ಅವರ ಕೆಲಸದ ಮರ್ಯಾದೆಯೆಲ್ಲ ಆ ದನಿಯಲ್ಲಿತ್ತು, ಅದನ್ನು ನಾನು ಕೆಡಿಸಿಟ್ಟಿದ್ದೆ.

ಕೊರಳಿನ ಪಾನಾ ತೆಗೆದು ಪೇಷಂಟಿನ ಕಾಲ ಕಡೆ ಹಾಸಿಗೆಯ ಮೇಲೆ ಇಟ್ಟರು. "ಹಾದಿ ನೋಡಿ ಬಂದವ ಇದನ್ನ ಇಲ್ಲಿ ಇಡಬೇಕು. ಆಮ್ಯಾಲ ಎದುರು ನಿಂತು, ಮುಖ ನೋಡಿ ಕೇಳಬೇಕು. ಪಾನಾ ಕಣ್ಣಿಗಿ ಕಾಣಲಿಲ್ಲಂದ್ರ, ದೇವ್ರು ಬಂದು ನಡ್ರಿ ಅಂದ್ರೂ ಗ್ವಾಡಿ ಪೈಪ್ ಬಿಡಸಬ್ಯಾಡ್ರಿ."

ಅವತ್ತಿನಿಂದ ಹಂಗೇ ನಡೆಯಿತು. ಅವರು ಕೆಲಸ ಬಿಟ್ಟು ಹೋಗುವ ದಿನ ನನ್ನನ್ನು ಇಳಿಜಾರಿನ ತಲೆಗೆ ಕರೆದು ಪಾನಾ ಕೊಟ್ಟರು. "ಎಣ್ಣಿ ಹಚ್ಚತಿರು, ತುಕ್ಕು ಹಿಡೀತದ" ಅಂದರು, ಅಷ್ಟೆ.

ಕಾಕಾ ತೀರಿಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ದಿನಕರ್ಮವೆಲ್ಲ ಮುಗಿದ ಮೇಲೆ ಸುರಪುರಕ್ಕೆ ಹೋದೆ. ಅವರ ಹೆಂಡತಿ, ಕಾಕು, ನನ್ನನ್ನು ನೋಡಿದ್ದೇ, "ನೀನೇ ಏನಪ್ಪ ರೇಡಿಯೋ?" ಅಂದರು. ಚಹಾ ಕೊಟ್ಟರು. ಆಮೇಲೆ, "ಅವರ ದನಿ ತೆಗೀತಿದ್ದಿಯಂತ. ಒಂದ್ ಸಲ ತೆಗಿಯಪ್ಪಾ. ಕೇಳಿ ಭಾಳ ದಿನ ಆತು" ಅಂದರು.

ಆ ದನಿಯನ್ನು ಮೇಡಂ ಕೋಣೆಯ ಬಾಗಿಲಲ್ಲಿ ಬಿಟ್ಟು ಬಂದಿದ್ದೆ. ಮತ್ತೆಂದೂ ತೆಗೆಯುವುದಿಲ್ಲ ಅಂದುಕೊಂಡಿದ್ದೆ. ಆದರೆ ಕೇಳಿದವರು ಕಾಕು. ಚಹಾದ ಬಟ್ಟಲು ಕೆಳಗಿಟ್ಟು, ಮೊಣಕಾಲು ಬಾಗಿಸದೆ, ಕುಂತಲ್ಲೇ, ಮೆಲ್ಲಗೆ ಅಂದೆ: "ಹವಾ?… ಚೀಲ?… ನಳಗಿ?…"

ಕಾಕು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ನಕ್ಕುಬಿಟ್ಟರು.

"ಇದು ದವಾಖಾನಿ ದನಿ ಏನ್ ತಮ್ಮಾ? ಮನ್ಯಾಗ ಅವ್ರು ಹಿಂಗ ಮಾತಾಡ್ತಿದ್ದಿಲ್ಲ. ಇಷ್ಟ ಮೆತ್ತಗ ಮಾತಾಡ್ತಿದ್ರು, ಏನಂದ್ರಿ, ಏನಂದ್ರಿ ಅಂತ ನಾ ಎರಡ ಸಲ ಕೇಳಬೇಕು."

ಆ ಮೆತ್ತಗಿನ ದನಿ ನನಗೆ ಗೊತ್ತಿರಲಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ. ಅದು ಕಾಕುವಿನ ಕಿವಿಯಲ್ಲಿ ಮಾತ್ರ ಉಳಿದಿದೆ.

ನಾನೀಗ ಬೇರೆ ದವಾಖಾನೆಯಲ್ಲಿದ್ದೇನೆ. ಇಲ್ಲಿ ಲಿಫ್ಟು ಇದೆ, ಹೊಸ ಗಾಡಿಗಳಿವೆ, ಗೋಡೆಗೆ ಅಂಟಿಸಿದ ತಪಾಸಣೆ ಪಟ್ಟಿಯೂ ಇದೆ. ನಿನ್ನೆ ಮುಂಜಾನೆ ಸೈದಾಪುರದ ಒಬ್ಬ ಮಾಸ್ತರನ್ನು ಸ್ಕ್ಯಾನಿಂಗಿಗೆ ಒಯ್ಯುವುದಿತ್ತು. ನಾನು ಎರಡೂ ಕೈ ಮುಂದೆ ಚಾಚಿ ಪಡಸಾಲೆಯಲ್ಲಿ ಹೊರಟೆ. ಹಿಂದಿನಿಂದ ಕಿಸಿಕಿಸಿ ನಗು ಕೇಳಿತು. ತಿರುಗಿ ನೋಡಿದರೆ ಹೊಸದಾಗಿ ಸೇರಿದ ಸಿಸ್ಟರ್ ನನ್ನ ಹಿಂದೆಯೇ ಕೈ ಚಾಚಿ, ಕತ್ತು ಮುಂದೆ ಮಾಡಿ, ಥೇಟ್ ನನ್ನಂತೆ ಬರುತ್ತಿದ್ದಾಳೆ. ನನ್ನ ಕತ್ತು ಅಷ್ಟು ಕೊಕ್ಕರೆಯಂತಿದೆ ಎಂದು ಗೊತ್ತಿರಲಿಲ್ಲ. ನಾನು ನೋಡಿದ್ದೇ ತಡ, ಆಕೆ ಕಲ್ಲಾದಳು.

"ಕೈ ಇನ್ನಾ ಅಗಲ ಹಿಡಿಯವ್ವಾ" ಅಂದೆ. "ಗಾಡಿ ಅಷ್ಟ ಸಣ್ಣದಿಲ್ಲ."

ಇಬ್ಬರೂ ಇಡೀ ಹಾದಿ ತಳ್ಳಿಕೊಂಡು ಹೋದೆವು, ತಳ್ಳಿಕೊಂಡು ಬಂದೆವು. ಪಾನಾವನ್ನು ಆಕೆಯ ಕೈಯಿಂದಲೇ ಮಾಸ್ತರ ಕಾಲ ಕಡೆ ಇಡಿಸಿದೆ. ಎದುರು ನಿಂತೆ. ಹವಾ? ಅದರಿ. ಚೀಲ? ಅದರಿ. ನಳಗಿ? ಅದ.

"ಹಾದಿ?" ಎಂದು ಕೇಳಿದ ಮೇಲೆ ನಾನು ಯಾವಾಗಲೂ ಒಂದು ಗಳಿಗೆ ಸುಮ್ಮನಿರುತ್ತೇನೆ. ಉಳಿದವರು ನಾನು ಮರೆತೆನೆಂದು ತಿಳಿಯುತ್ತಾರೆ. ಆ ಉತ್ತರ ಕಾಕಾರದು… ಬರುವುದಿಲ್ಲ.

ಆಮೇಲೆ ನಾನೇ ಹೇಳುತ್ತೇನೆ.